ಹಾಡೋಕೆ ಬರುತ್ತೆ, ಬರೆಯೋಕೆ ಭಯ: ಸೀನಿಯರ್ ಶಾಸ್ತ್ರಕ್ಕೆ ಒಬ್ಬರೇ ಓದಬಹುದೇ?

ಪ್ರಶ್ನೆ: ನನಗೆ 43 ವರ್ಷ. ಶಿರಸಿಯಲ್ಲಿ ಒಂದು ಸಹಕಾರಿ ಸಂಘದಲ್ಲಿ ಕೆಲಸ. ಮದುವೆಗೆ ಮುಂಚೆ ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪಾಸು ಮಾಡಿದ್ದೆ. ಮಧ್ಯೆ ಹದಿನೈದು ವರ್ಷ ಬಿಟ್ಟುಹೋಗಿತ್ತು. ಈಗ ಆರು ವರ್ಷದಿಂದ ಮತ್ತೆ ಕಲಿಯುತ್ತಿದ್ದೇನೆ. ಸೀನಿಯರ್ ಪರೀಕ್ಷೆ ಕಟ್ಟಬೇಕು ಅಂತ ಆಸೆ. ನಮ್ಮ ಗುರುಗಳಿಗೆ ಎಪ್ಪತ್ತೆಂಟು ವರ್ಷ. ವರ್ಣ, ಕೀರ್ತನೆ ಚೆನ್ನಾಗಿ ಹೇಳಿಕೊಡುತ್ತಾರೆ, ಶಾಸ್ತ್ರ, ಅಂದರೆ ಬರೆಯುವ ಪತ್ರಿಕೆಯದ್ದು, ಮಾತ್ರ ‘ನೀನೇ ಓದಿಕೊ’ ಅಂತಾರೆ. ಒಂದು ಗೈಡು ತಂದೆ, ಯೂಟ್ಯೂಬ್ ನೋಡಿದೆ, ತಲೆ ಕೆಟ್ಟುಹೋಯಿತು. ಒಂದು ಪುಸ್ತಕದಲ್ಲಿ ಇರುವ ಮೇಳದ (ತಾಯಿ ರಾಗದ) ಹೆಸರು ಇನ್ನೊಂದರಲ್ಲಿ ಇಲ್ಲ. 72 ಮೇಳ ಬಾಯಿಪಾಠ ಮಾಡಲೇಬೇಕಾ? ಸ್ವರಲಿಪಿ, ಅಂದರೆ ಹಾಡನ್ನು ಸ್ವರ–ತಾಳದ ಗುರುತಿನಲ್ಲಿ ಬರೆಯುವುದನ್ನು, ಒಬ್ಬಳೇ ಕಲಿಯಲು ಆಗುತ್ತಾ? ಪರೀಕ್ಷೆಗೆ ಒಂದು ತಿಂಗಳ ಮುಂಚೆ ಕೋಚಿಂಗ್‌ಗೆ ಸೇರಿದರೆ ಸಾಕು ಅಂತ ಗೆಳತಿ ಹೇಳುತ್ತಾಳೆ. ನಿಜವೇ?

ಉತ್ತರ: ನೀವು ಕೇಳಿದ್ದು ಮೂರ್ನಾಲ್ಕು ಪ್ರಶ್ನೆ. ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನಿಸಿದ್ದು, ಅವೆಲ್ಲದರ ಹಿಂದೆ ಇರುವ ಚಿಂತೆ ಒಂದೇ ಅಂತ. ‘ನಾನು ಬರೆದದ್ದು ಸರಿಯೋ ತಪ್ಪೋ ಹೇಳುವವರು ಯಾರೂ ಇಲ್ಲ.’ ಅಲ್ವಾ? ಹಾಡುವಾಗ ಗುರುಗಳು ಎದುರಿಗೆ ಕೂತಿರುತ್ತಾರೆ. ಗಾಂಧಾರ ಸ್ವಲ್ಪ ಜಾರಿದರೂ ಅವರ ಹುಬ್ಬು ಏರುತ್ತೆ. ನೋಟ್‌ಬುಕ್ಕಿಗೆ ಹುಬ್ಬು ಇಲ್ಲ.

ಮೊದಲು ನೇರ ಉತ್ತರ ಕೊಡುತ್ತೇನೆ. ಸೀನಿಯರ್ ಶಾಸ್ತ್ರದ ಬಹುಪಾಲನ್ನು ಒಬ್ಬರೇ ಓದಬಹುದು. ಸ್ವರಲಿಪಿಯನ್ನು ಒಬ್ಬರೇ ಅಭ್ಯಾಸ ಮಾಡಬಹುದು, ಆದರೆ ಆಗಾಗ ಬೇರೆಯವರಿಗೆ ತೋರಿಸಲೇಬೇಕು. ಕೊನೆಯ ತಿಂಗಳ ಕೋಚಿಂಗ್ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಪಾಠ ಹೇಳಲು ಶುರು ಮಾಡಿ 26 ವರ್ಷ ಆಯಿತು. ನಡುವೆ ಕೆಲವು ವರ್ಷ ಉತ್ತರಪತ್ರಿಕೆಗಳನ್ನೂ ತಿದ್ದಿದ್ದೇನೆ. ಚೆನ್ನಾಗಿ ಹಾಡುವವರೇ ಶಾಸ್ತ್ರದಲ್ಲಿ ಎಡವುವುದನ್ನು ಜಾಸ್ತಿ ನೋಡಿದ್ದೇನೆ. ಓದಿಲ್ಲ ಅಂತ ಎಡವುವುದಲ್ಲ. ಶಾಸ್ತ್ರವನ್ನು ಸಂಗೀತದಿಂದ ಬೇರೆ ಮಾಡಿ, ಸಮಾಜ ವಿಜ್ಞಾನದ ಹಾಗೆ ಓದಿರುತ್ತಾರೆ. ಬೆಳಿಗ್ಗೆ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಶಂಕರಾಭರಣ ಹಾಡುತ್ತಾರೆ. ರಾತ್ರಿ ಗೈಡು ಹಿಡಿದು ‘ಧೀರಶಂಕರಾಭರಣವು 29ನೇ ಮೇಳಕರ್ತ ರಾಗವಾಗಿದೆ’ ಅಂತ ಉರು ಹೊಡೆಯುತ್ತಾರೆ. ಎರಡೂ ಒಂದೇ ಅಂತ ತಲೆಗೆ ಹೋಗುವುದೇ ಇಲ್ಲ.

72 ಮೇಳದಿಂದಲೇ ಶುರು ಮಾಡೋಣ, ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಅದೇ.

ಬಾಯಿಪಾಠ ಮಾಡಬೇಕಾದದ್ದು 72 ಅಲ್ಲ. ಆರು ಜೋಡಿ ಗೊತ್ತಿದ್ದರೆ ಸಾಕು. ರಿ–ಗ ಜೋಡಿಗಳು ಆರೇ: ಶುದ್ಧ ರಿ ಜೊತೆ ಶುದ್ಧ ಗ, ಸಾಧಾರಣ ಗ, ಅಂತರ ಗ. ಚತುಶ್ರುತಿ ರಿ ಜೊತೆ ಸಾಧಾರಣ ಗ, ಅಂತರ ಗ. ಕೊನೆಗೆ ಷಟ್‌ಶ್ರುತಿ ರಿ ಜೊತೆ ಅಂತರ ಗ. ದ–ನಿ ಜೋಡಿಗಳೂ ಇದೇ ಕ್ರಮದಲ್ಲಿ ಆರು, ಅಲ್ಲಿ ಶುದ್ಧ, ಕೈಶಿಕಿ, ಕಾಕಲಿ ಅಂತ ನಿಷಾದ ಬರುತ್ತೆ. ಒಂದು ರಿ–ಗ ಜೋಡಿ ಅಂದರೆ ಒಂದು ಚಕ್ರ. ಅದರೊಳಗೆ ಆರು ದ–ನಿ ಜೋಡಿ ಸುತ್ತಿ ಬಂದರೆ ಆರು ಮೇಳ. ಆರು ಚಕ್ರಕ್ಕೆ 36. ಇವೆಲ್ಲಕ್ಕೂ ಶುದ್ಧ ಮಧ್ಯಮ. ಅದರ ಬದಲು ಪ್ರತಿ ಮಧ್ಯಮ ಹಾಕಿ ಮತ್ತೆ ಅದೇ 36 ಬರೆದರೆ ಮುಗಿಯಿತು.

ಈಗ 29 ತಗೊಳ್ಳಿ. ಆರರಿಂದ ಭಾಗಿಸಿ. ನಾಲ್ಕು ಸಲ ಹೋಗಿ ಐದು ಉಳಿಯುತ್ತೆ. ಅಂದರೆ ನಾಲ್ಕು ಚಕ್ರ ಮುಗಿದು ಐದನೆಯದರಲ್ಲಿ ಇದ್ದೀರಿ, ಅದರ ಐದನೇ ಮೇಳ. ಐದನೇ ರಿ–ಗ ಜೋಡಿ ಚತುಶ್ರುತಿ ರಿ, ಅಂತರ ಗ. ಐದನೇ ದ–ನಿ ಜೋಡಿ ಚತುಶ್ರುತಿ ದ, ಕಾಕಲಿ ನಿ. ಈಗ ಬರೆಯುವುದನ್ನು ನಿಲ್ಲಿಸಿ, ಶ್ರುತಿ ಹಾಕಿ ಹಾಡಿ. ಶಂಕರಾಭರಣ ಬಂತಲ್ವಾ? ಕಲ್ಯಾಣಿ 65ನೇ ಮೇಳ. 65ಕ್ಕೆ 36 ಕಳೆದರೆ ಅದೇ 29. ಹಾಗಾಗಿ ಕಲ್ಯಾಣಿ ಅಂದರೆ ಶಂಕರಾಭರಣದ ಮಧ್ಯಮ ಮಾತ್ರ ಬದಲಾದದ್ದು. ನಿಮ್ಮ ಗಂಟಲಿಗೆ ಇದು ಎಷ್ಟೋ ವರ್ಷದಿಂದ ಗೊತ್ತು. ಶೇಷ ಸೊನ್ನೆ ಬಂದರೆ ಮಾತ್ರ ಎಚ್ಚರ. 36ನ್ನು ಆರರಿಂದ ಭಾಗಿಸಿದರೆ ಏನೂ ಉಳಿಯಲ್ಲ. ಆಗ ಅದು ಆರನೇ ಚಕ್ರದ ಕೊನೆಯ ಮೇಳ, ಚಲನಾಟ. ಏಳನೇ ಚಕ್ರ ಅಂತ ಬರೆದು ಬಂದವರ ಪತ್ರಿಕೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹೆಸರಿನಿಂದ ಸಂಖ್ಯೆ ಹಿಡಿಯಲು ಕಟಪಯಾದಿ ಇದೆ, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ ಕೊಡುವ ಕ್ರಮ. ಕ ದಿಂದ ಝ ವರೆಗೆ 1ರಿಂದ 9, ಟ ದಿಂದ ಧ ವರೆಗೆ 1ರಿಂದ 9, ಪ ದಿಂದ ಮ ವರೆಗೆ 1ರಿಂದ 5, ಯ ದಿಂದ ಹ ವರೆಗೆ 1ರಿಂದ 8. ಞ ಮತ್ತು ನ ಸೊನ್ನೆ. ಹೆಸರಿನ ಮೊದಲ ಎರಡು ಅಕ್ಷರ ತಗೊಂಡು ತಿರುಗಿಸಬೇಕು. ಮಾಯಾಮಾಳವಗೌಳದಲ್ಲಿ ಮ 5, ಯ 1. ತಿರುಗಿಸಿದರೆ 15. ಸುಲಭ ಅನ್ನಿಸುತ್ತೆ.

ಒಬ್ಬರೇ ಓದುವವರು ಜಾರುವುದು ಇಲ್ಲೇ. ಎಷ್ಟೋ ಕಡೆ ‘ನಟಭೈರವಿ’ ಅಂತ ಅಚ್ಚಾಗಿರುತ್ತೆ. ಲೆಕ್ಕ ಹಾಕಿ: ನ ಸೊನ್ನೆ, ಟ ಒಂದು, ತಿರುಗಿಸಿದರೆ 10. ಆದರೆ ಅದು 20ನೇ ಮೇಳ! ಹತ್ತನೆಯದು ನಾಟಕಪ್ರಿಯ. ತಪ್ಪು ನಿಮ್ಮದಲ್ಲ, ಅಚ್ಚಿನದು. ಹೆಸರು ‘ನಠಭೈರವಿ’. ಠ ಅಂದರೆ 2. ಒಂದು ಮಹಾಪ್ರಾಣ ಬಿಟ್ಟಿದ್ದಕ್ಕೆ ಹತ್ತು ಮೇಳ ಹಿಂದೆ ಹೋದ ಹಾಗಾಯಿತು. ಒತ್ತಕ್ಷರದಲ್ಲಿ ಇನ್ನೊಂದು ಗೊಂದಲ. ಧರ್ಮವತಿಯಲ್ಲಿ ‘ರ್ಮ’ ದ ಮ ತಗೊಂಡರೆ 59 ಸರಿ ಬರುತ್ತೆ. ಅದೇ ನಿಯಮವನ್ನು ಚಕ್ರವಾಕಕ್ಕೆ ಹಾಕಿ ‘ಕ್ರ’ ದಲ್ಲಿ ರ ತಗೊಂಡರೆ 26 ಆಗುತ್ತೆ, ಅದು ತಪ್ಪು. ಅಲ್ಲಿ ಕ ತಗೊಳ್ಳಬೇಕು, 16. ದಿವ್ಯಮಣಿ, ವಿಶ್ವಂಭರಿ, ಶ್ಯಾಮಲಾಂಗಿ, ಚಿತ್ರಾಂಬರಿ, ಜ್ಯೋತಿಸ್ವರೂಪಿಣಿ ಕೂಡ ಹೀಗೇ ಮೊದಲ ವ್ಯಂಜನದ ಗುಂಪಿನವು. ಸಿಂಹೇಂದ್ರಮಧ್ಯಮದಲ್ಲಿ ಹ ಬಿಟ್ಟು ಅನುಸ್ವಾರವನ್ನೇ ಮ ಅಂತ ಎಣಿಸಬೇಕು, ಆಗಲೇ 57. ಈ ಏಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಉಳಿದದ್ದಕ್ಕೆ ಲೆಕ್ಕ ಸಾಕು.

ಪುಸ್ತಕದಿಂದ ಪುಸ್ತಕಕ್ಕೆ ಮೇಳದ ಹೆಸರೇ ಬೇರೆ ಇದೆ ಅಂದಿರಿ. ಎರಡೂ ಸರಿ ಇರಬಹುದು. ಹೆಸರುಗಳ ಪಟ್ಟಿ ಎರಡಿವೆ. ಒಂದು ಕನಕಾಂಗಿ, ರತ್ನಾಂಗಿ ಅಂತ ಶುರುವಾಗುವುದು. ಇನ್ನೊಂದು ಕನಕಾಂಬರಿ, ಫೇನದ್ಯುತಿ ಅಂತ ಶುರುವಾಗುವುದು. ಎರಡನೆಯದು ಮುತ್ತುಸ್ವಾಮಿ ದೀಕ್ಷಿತರ ಪರಂಪರೆ ಹಿಡಿದದ್ದು. ಒಂದರಲ್ಲಿ 28 ಹರಿಕಾಂಭೋಜಿ ಆದರೆ ಇನ್ನೊಂದರಲ್ಲಿ ಹರಿಕೇದಾರಗೌಳ. 20 ಅಲ್ಲಿ ನಾರೀರೀತಿಗೌಳ. ಕಟಪಯಾದಿ ಹಾಕಿ ನೋಡಿ, ಎರಡು ಹೆಸರಿಗೂ ಸಂಖ್ಯೆ ಒಂದೇ ಬರುತ್ತೆ. ಪರೀಕ್ಷೆಗೆ ಕನಕಾಂಗಿ ಪಟ್ಟಿ ಹಿಡಿಯಿರಿ, ಉತ್ತರದ ಮಧ್ಯೆ ಬದಲಾಯಿಸಬೇಡಿ. ಇನ್ನೊಂದು ಮಾತು. ‘ವೆಂಕಟಮಖಿ ಕನಕಾಂಗಿ ಮೊದಲಾದ 72 ರಾಗಗಳನ್ನು ಸೃಷ್ಟಿಸಿದನು’ ಅಂತ ಗೈಡುಗಳಲ್ಲಿ ಇರುತ್ತೆ. ಇದು ಸರಿಯಲ್ಲ. ಹದಿನೇಳನೇ ಶತಮಾನದ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಅವನು ತೋರಿಸಿದ್ದು 72 ಮೇಳ ಸಾಧ್ಯ ಅನ್ನುವ ಲೆಕ್ಕ. ಆಗ ಬಳಕೆಯಲ್ಲಿದ್ದವು ಅಂತ ಅವನು ವಿವರಿಸಿದ್ದು 19 ಮೇಳ ಮಾತ್ರ. ಕನಕಾಂಗಿ ಹೆಸರುಗಳು ಆಮೇಲೆ ಬಂದವು.

ಲೆಕ್ಕಕ್ಕೆ ಸಿಗದ ಜಾಗವೂ ಇದೆ, ಅದನ್ನೂ ಹೇಳಬೇಕು. ಮೋಹನದಲ್ಲಿ ಮ ಇಲ್ಲ, ನಿ ಇಲ್ಲ. ಚತುಶ್ರುತಿ ರಿ, ಅಂತರ ಗ, ಚತುಶ್ರುತಿ ದ ಇರುವ ಮೇಳಗಳು ನಾಲ್ಕು: 28, 29, 64, 65. ನಾಲ್ಕರಿಂದಲೂ ಮೋಹನ ಹುಟ್ಟಿಸಬಹುದು. ಹಾಗಾದರೆ 28ರ ಜನ್ಯ (ಅದರಿಂದ ಹುಟ್ಟಿದ ರಾಗ) ಅಂತ ಯಾಕೆ ಬರೆಯುತ್ತೇವೆ? ಸಂಪ್ರದಾಯ ಹಾಗೆ ಒಪ್ಪಿಕೊಂಡಿದೆ, ಅಷ್ಟೇ. ಇಂಥ ಜನ್ಯ ರಾಗಗಳ ಮೇಳಸಂಖ್ಯೆಯನ್ನು ಮಾತ್ರ ನೆನಪಿಡಲೇಬೇಕು. ನಿಮ್ಮ ಪಠ್ಯದಲ್ಲಿರುವ ರಾಗಗಳಷ್ಟೇ, ಬೆರಳಲ್ಲಿ ಎಣಿಸುವಷ್ಟು.

ಶಿರಸಿ ಅಂದ ಕೂಡಲೇ ಇನ್ನೊಂದು ಅನುಮಾನ ಬಂತು. ನಿಮ್ಮ ಕಡೆ ಹಿಂದೂಸ್ತಾನಿ ಸಂಗೀತ ಮನೆಮನೆಯಲ್ಲಿ ಕೇಳುತ್ತೆ. ಯೂಟ್ಯೂಬಿನಲ್ಲೂ ಅದು ಧಾರಾಳ. ತಲೆ ಕೆಟ್ಟಿದ್ದಕ್ಕೆ ಅರ್ಧ ಕಾರಣ ಇದೇ ಇರಬಹುದು. ಅವರ ‘ಶುದ್ಧ’ ಬೇರೆ, ನಮ್ಮ ‘ಶುದ್ಧ’ ಬೇರೆ. ನಮ್ಮ ಶುದ್ಧ ರಿಷಭ ಅವರಿಗೆ ಕೋಮಲ. ಅವರ ಶುದ್ಧ ರಿಷಭ ನಮಗೆ ಚತುಶ್ರುತಿ. ಅವರ ಶುದ್ಧ ಗಾಂಧಾರ ನಮ್ಮ ಅಂತರ, ಅವರ ಶುದ್ಧ ನಿಷಾದ ನಮ್ಮ ಕಾಕಲಿ. ಹೆಸರು ಎರಡೂ ಕಡೆ ಹೊಂದುವುದು ಶುದ್ಧ ಮಧ್ಯಮಕ್ಕೆ ಮಾತ್ರ. ಕರ್ನಾಟಕ ಸಂಗೀತದ ಪತ್ರಿಕೆಯಲ್ಲಿ ‘ಕೋಮಲ’ ಅಂತ ಬರೆದರೆ ಮೌಲ್ಯಮಾಪಕರಿಗೆ ಅರ್ಥ ಆಗುತ್ತೆ, ಆದರೆ ಅಂಕ ಸಿಗುತ್ತೆ ಅನ್ನುವ ಭರವಸೆ ಇಲ್ಲ. ಪರೀಕ್ಷೆ ಮುಗಿಯುವವರೆಗೆ ಓದಿಗೆ ಒಂದೇ ಪದ್ಧತಿಯ ವೀಡಿಯೊ ನೋಡಿ. ಸಂತೋಷಕ್ಕೆ ಏನು ಬೇಕಾದರೂ ಕೇಳಿ.

ತಾಳಕ್ಕೆ ಬರೋಣ. ಏಳು ತಾಳ, ಐದು ಜಾತಿ, ಒಟ್ಟು 35. ಜಾತಿ ಅಂದರೆ ಲಘು ಅನ್ನುವ ಅಂಗಕ್ಕೆ ಎಷ್ಟು ಅಕ್ಷರ ಅನ್ನುವುದು. ಇಲ್ಲೂ ಕಲಿಯಬೇಕಾದದ್ದು ಏಳು ಅಂಗಕ್ರಮ, ಐದು ಸಂಖ್ಯೆ. ತೊಡೆಯ ಮೇಲೆ ಹಾಕುತ್ತಾ ಕಲಿಯಿರಿ, ಪುಸ್ತಕದ ಪಟ್ಟಿ ನೋಡುತ್ತಾ ಅಲ್ಲ. ನನ್ನ ಒಬ್ಬ ಶಿಷ್ಯೆ ಬಸ್ಸಿನಲ್ಲಿ ಆಫೀಸಿಗೆ ಹೋಗುವಾಗ ದಿನಕ್ಕೊಂದು ತಾಳ ಹಾಕುತ್ತಿದ್ದಳು. ಪಕ್ಕದವರು ಮೊದಲು ವಿಚಿತ್ರವಾಗಿ ನೋಡುತ್ತಿದ್ದರಂತೆ, ಆಮೇಲೆ ರೂಢಿಯಾಯಿತಂತೆ. ಕೈಯಲ್ಲಿ ಹಾಕಿದರೆ ತಿಳಿಯುವ ವಿಷಯ ಒಂದಿದೆ. ಖಂಡ ಜಾತಿ ಅಟ ತಾಳಕ್ಕೆ 5+5+2+2, ಹದಿನಾಲ್ಕು ಅಕ್ಷರ. ಚತುರಶ್ರ ಜಾತಿ ಧ್ರುವ ತಾಳಕ್ಕೆ 4+2+4+4, ಅದೂ ಹದಿನಾಲ್ಕೇ. ಹಾಗಂತ ಎರಡೂ ಒಂದೇ ಅಲ್ಲ, ನಡೆಯೇ ಬೇರೆ. ಬರೀ ಒಟ್ಟು ಅಕ್ಷರ ಉರು ಹೊಡೆದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ರೂಪಕದ ಬಗ್ಗೆ ನನ್ನದೇ ಒಂದು ಕಥೆ ಇದೆ. ನಾನು ಸೀನಿಯರ್ ಬರೆದಾಗ ರೂಪಕ ತಾಳಕ್ಕೆ ಮೂರು ಅಕ್ಷರ ಅಂತ ಬರೆದು ಬಂದಿದ್ದೆ. ಕಛೇರಿಗಳಲ್ಲಿ ಎರಡು ಘಾತ, ಒಂದು ಹುಸಿ ಅಂತ ಹಾಕುವುದನ್ನೇ ನೋಡಿದ್ದೆ. ಶಾಸ್ತ್ರದ ಪ್ರಕಾರ ಅದು ಒಂದು ದ್ರುತ, ಒಂದು ಲಘು. ಚತುರಶ್ರ ಜಾತಿಯಲ್ಲಿ 2+4, ಆರು ಅಕ್ಷರ. ಮನೆಗೆ ಬಂದು ಅಕ್ಕನಿಗೆ ಹೇಳಿದರೆ ಅವಳು ನಕ್ಕುಬಿಟ್ಟಳು: ‘ಮೊದಲ ಗೀತೆ ಯಾವ ತಾಳದಲ್ಲಿ ಹಾಡಿದ್ದೆ ಮಾರಾಯ್ತಿ?’ ಮಲಹರಿಯ ಗೀತೆ ರೂಪಕದಲ್ಲೇ, ಆರು ಅಕ್ಷರದಲ್ಲೇ ಹಾಡಿದ್ದೆ. ನೂರಾರು ಸಲ. ಕೈಗೆ ಗೊತ್ತಿದ್ದದ್ದು ಪೆನ್ನಿಗೆ ಹೋಗಿರಲಿಲ್ಲ. ನಿಮಗಂತೂ ಹಿಂದೂಸ್ತಾನಿಯ ಏಳು ಮಾತ್ರೆಯ ರೂಪಕವೂ ಕಿವಿಗೆ ಬೀಳುತ್ತಿರುತ್ತೆ. ಮೂರು ರೂಪಕಗಳ ನಡುವೆ ಸಿಕ್ಕಿಕೊಳ್ಳಬೇಡಿ.

ಅದೇ ಗೀತೆಯನ್ನು ಇಟ್ಟುಕೊಂಡು ಸ್ವರಲಿಪಿಯ ವಿಷಯ ಹೇಳುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸಾಲು ಹೀಗಿದೆ:

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||
ಶ್ರೀ , | ಗ ಣ ನಾ ಥ || ಸಿಂ ಧೂ | ರ ವ ರ್ಣ , ||

‘ದ’ ಆದ ಮೇಲೆ ಬರುವ ಸ ಸ ರಿ, ರಿ ಸ ಎಲ್ಲ ತಾರ (ಮೇಲಿನ) ಸ್ಥಾಯಿಯವು, ಮೇಲೆ ಚುಕ್ಕಿ ಬೇಕು. ದ ಪ ಮ ಪ ಗೆ ಚುಕ್ಕಿ ಬೇಡ. ದ್ರುತ ಮುಗಿದಲ್ಲಿ ಒಂದು ಗೆರೆ, ಆವರ್ತ ಮುಗಿದಲ್ಲಿ ಎರಡು ಗೆರೆ. ಇದನ್ನೇ ಪುಸ್ತಕ ಮುಚ್ಚಿ ಬರೆಯಿರಿ ಅಂದರೆ ಹತ್ತು ಜನರಲ್ಲಿ ಐದಾರು ಜನ ‘ನಾ’ ಹತ್ತಿರ ಎಡವುತ್ತಾರೆ. ‘ನಾ’ ದೀರ್ಘಾಕ್ಷರ ಅಲ್ವಾ ಅಂತ ಅದರ ಮೇಲೆ ‘ಸಾ’ ಅಂತ ಬರೆಯುತ್ತಾರೆ. ‘ಸಾ’ ಅಂದರೆ ಎರಡು ಅಕ್ಷರ ಕಾಲ. ಆಗ ಲಘುವಿನಲ್ಲಿ ಐದು ಅಕ್ಷರ ಆಗಿ ತಾಳವೇ ಒಡೆಯುತ್ತೆ. ಸಾಹಿತ್ಯದ ದೀರ್ಘಕ್ಕೂ ಸ್ವರದ ದೀರ್ಘಕ್ಕೂ ಸಂಬಂಧ ಇಲ್ಲ. ಇಲ್ಲಿ ‘ಶ್ರೀ’ ಎರಡು ಸ್ವರದ ಮೇಲೆ ಹರಡಿದೆ, ‘ನಾ’ ಒಂದರಲ್ಲೇ ಮುಗಿಯುತ್ತೆ. ‘ರ್ಣ’ ನೋಡಲು ಹ್ರಸ್ವ, ಆದರೆ ಎರಡು ಸ್ವರ ತುಂಬುತ್ತೆ. ಹಾಡಿದರೆ ಮಾತ್ರ ಇದು ಗೊತ್ತಾಗುತ್ತೆ, ಓದಿದರೆ ಗೊತ್ತಾಗಲ್ಲ.

ಒಬ್ಬರೇ ಕಲಿಯಲು ನಾನು ಶಿಷ್ಯರಿಗೆ ಹೇಳಿಕೊಡುವ ಉಪಾಯ ಇದು. ಚೆನ್ನಾಗಿ ಬರುವ ಒಂದು ಗೀತೆಯನ್ನು ಪುಸ್ತಕ ನೋಡದೆ, ತಾಳ ಹಾಕುತ್ತಾ ಬರೆಯಿರಿ. ಹಾಳೆ ಮಡಚಿ ಇಡಿ. ಅವತ್ತೇ ನೋಡಬೇಡಿ. ಮಾರನೇ ದಿನ ಅದನ್ನು ತೆಗೆದು, ಹಾಡು ಗೊತ್ತೇ ಇಲ್ಲ ಅನ್ನುವ ಹಾಗೆ, ಬರೆದದ್ದನ್ನು ಬರೆದ ಹಾಗೇ ಹಾಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ‘ಸಾ’ ಅಂತ ಇದ್ದರೆ ಎರಡು ಅಕ್ಷರ ನಿಲ್ಲಲೇಬೇಕು, ಚುಕ್ಕಿ ಇಲ್ಲದಿದ್ದರೆ ಮಧ್ಯ ಸ್ಥಾಯಿಯಲ್ಲೇ ಹಾಡಬೇಕು. ತಪ್ಪಿದ ಜಾಗ ನಿಮ್ಮ ಕಿವಿಗೇ ಚುಚ್ಚುತ್ತೆ. ಗೀತೆ, ಆಮೇಲೆ ಸ್ವರಜತಿ, ಆಮೇಲೆ ವರ್ಣ ಅಂತ ಮುಂದೆ ಹೋಗಿ. ವರ್ಣದಲ್ಲಿ ಎರಡನೇ ಕಾಲಕ್ಕೆ ಮೇಲೆ ಗೆರೆ ಎಳೆಯುವುದು, ಕಾರ್ವೆಗೆ (ಸ್ವರ ಎಳೆದು ನಿಲ್ಲುವುದಕ್ಕೆ) ಕಾಮಾ, ಅರ್ಧವಿರಾಮ ಹಾಕುವುದು ಅಭ್ಯಾಸ ಆಗಲು ಕೆಲವು ವಾರ ಬೇಕು, ಅವಸರ ಮಾಡಬೇಡಿ.

ಆದರೆ ಈ ಉಪಾಯಕ್ಕೂ ಒಂದು ಮಿತಿ ಇದೆ. ನೀವು ಹಾಡುವುದರಲ್ಲೇ ಒಂದು ಸ್ವರ ತಪ್ಪಾಗಿ ಕೂತಿದ್ದರೆ, ಬರೆದಾಗಲೂ ಅದೇ ಬರುತ್ತೆ, ಮಾರನೇ ದಿನವೂ ಸರಿ ಅನ್ನಿಸುತ್ತೆ. ಹದಿನೈದು ವರ್ಷ ಬಿಟ್ಟು ಮತ್ತೆ ಶುರು ಮಾಡಿದವರಲ್ಲಿ ಹಳೆ ಪಾಠಾಂತರವೂ (ಗುರುಗಳಿಂದ ಕಲಿತ ಹಾಡಿನ ರೂಪ) ಹೊಸದೂ ಬೆರೆತಿರುವ ಸಾಧ್ಯತೆ ಜಾಸ್ತಿ. ಹದಿನೈದು ದಿನಕ್ಕೊಮ್ಮೆಯಾದರೂ ಬೇರೆ ಕಣ್ಣು ಬೇಕು ಅನ್ನುವುದು ಇದಕ್ಕೇ.

ಇನ್ನು ರಾಗ ಲಕ್ಷಣ, ವಾಗ್ಗೇಯಕಾರರು (ಕೃತಿ ರಚಿಸಿದವರು), ವಾದ್ಯ. ಇವು ಓದಿದರೆ ಬರುವಂಥವು, ಜಾಸ್ತಿ ಹೇಳಲ್ಲ. ಒಂದೇ ಮಾತು: ಪುಟ ತುಂಬಿಸಿದರೆ ಅಂಕ ಜಾಸ್ತಿ ಅನ್ನುವುದು ಸುಳ್ಳು. ತ್ಯಾಗರಾಜರ ಬಗ್ಗೆ ಮೂರು ಪುಟ ಬರೆದ ಉತ್ತರ ಒಂದನ್ನು ತಿದ್ದಿದ್ದು ನೆನಪಿದೆ. ವಿಗ್ರಹ ನದಿಗೆ ಎಸೆದದ್ದು, ಮತ್ತೆ ಸಿಕ್ಕಿದ್ದು, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಇತ್ತು. ಅವರ ಪಂಚರತ್ನ ಕೃತಿಗಳ ರಾಗಗಳ ಹೆಸರೇ ಇರಲಿಲ್ಲ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಎಲ್ಲವೂ ಆದಿ ತಾಳ. ಈ ಒಂದು ಸಾಲು ಬರೆದಿದ್ದರೆ ಕಥೆಯ ಒಂದೂವರೆ ಪುಟಕ್ಕಿಂತ ಜಾಸ್ತಿ ಅಂಕ ಸಿಗುತ್ತಿತ್ತು. ಕಾಲ, ಗುರು, ಅಂಕಿತ, ಯಾವ ಬಗೆಯ ರಚನೆ, ಒಂದೆರಡು ಕೃತಿ ರಾಗ–ತಾಳದ ಸಮೇತ. ಇಷ್ಟು ಮೊದಲು ಬರಲಿ.

ವಾಗ್ಗೇಯಕಾರರನ್ನು ಬಿಡಿಬಿಡಿಯಾಗಿ ಓದಬೇಡಿ, ಗುರು–ಶಿಷ್ಯರ ಸರ ಮಾಡಿ. ತ್ಯಾಗರಾಜರ ಶಿಷ್ಯ ಮಾನಂಬುಚಾವಡಿ ವೆಂಕಟಸುಬ್ಬಯ್ಯರ್, ಅವರ ಶಿಷ್ಯ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ್, ಅವರ ಶಿಷ್ಯ ನಮ್ಮ ಮೈಸೂರು ವಾಸುದೇವಾಚಾರ್ಯರು (1865–1961). ಹೀಗೆ ಓದಿದರೆ ನಾಲ್ಕು ತಲೆಮಾರು ಒಂದೇ ಎಳೆಯಲ್ಲಿ ನೆನಪಿರುತ್ತೆ, ಇಸವಿ ಮರೆತರೂ ಹಿಂದುಮುಂದು ಆಗಲ್ಲ. ವಾದ್ಯಕ್ಕೆ ಚಿತ್ರ ಬರೆಯಿರಿ. ಸಾಧ್ಯವಾದರೆ ಯಾರದಾದರೂ ಮನೆಗೆ ಹೋಗಿ ವೀಣೆಯ ಮುಂದೆ ಒಂದು ಗಂಟೆ ಕೂತು ಬನ್ನಿ. ಮೆಟ್ಟಿಲು ಎಣಿಸಿ, 24. ಯಾಕೆ 24? ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ, ಎರಡು ಸ್ಥಾಯಿಗೆ 24. ಮೇಲೆ ನಾಲ್ಕು ನುಡಿಸುವ ತಂತಿ, ಪಕ್ಕದಲ್ಲಿ ತಾಳಕ್ಕೆ ಮೂರು. ಹನ್ನೆರಡು ಸ್ಥಾನಕ್ಕೆ ಹದಿನಾರು ಹೆಸರು ಹೇಗೆ ಅನ್ನುವುದೂ ಅಲ್ಲೇ ಕಾಣುತ್ತೆ. ಚತುಶ್ರುತಿ ರಿ ಮತ್ತು ಶುದ್ಧ ಗ ಒಂದೇ ಮೆಟ್ಟಿಲು. ಷಟ್‌ಶ್ರುತಿ ರಿ ಮತ್ತು ಸಾಧಾರಣ ಗ ಒಂದೇ ಮೆಟ್ಟಿಲು. ದ–ನಿ ಕಡೆಯೂ ಹಾಗೇ ಎರಡು.

ಈಗ ನಿಮ್ಮ ಮುಂದಿರುವ ದಾರಿಗಳು. ಗೈಡು ಮತ್ತು ಹಳೆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪೂರ್ತಿ ಒಬ್ಬರೇ ಓದುವುದು ಒಂದು. ಖರ್ಚು ಕಡಿಮೆ, ನಿಮ್ಮ ಸಮಯಕ್ಕೆ ಹೊಂದುತ್ತೆ. ಅಪಾಯ ಏನು ಅಂದರೆ, ‘ನಟಭೈರವಿ’ಯಂಥ ಅಚ್ಚಿನ ತಪ್ಪನ್ನೇ ಸರಿ ಅಂತ ಕಲಿಯುತ್ತೀರಿ. ಗೈಡು ಒಂದೇ ಇರಬಾರದು. ಮೇಳ, ತಾಳ, ಸ್ವರಸ್ಥಾನ ಯಾವುದನ್ನೇ ಆಗಲಿ ಪುಸ್ತಕ ಹೇಳಿತು ಅಂತ ಒಪ್ಪಬೇಡಿ, ಲೆಕ್ಕ ಹಾಕಿ ಒಪ್ಪಿ. ಹಳೆ ಪತ್ರಿಕೆಯೂ ಅಷ್ಟೇ, ಪ್ರಶ್ನೆ ಹೇಗೆ ಕೇಳುತ್ತಾರೆ ಅನ್ನುವ ಅಂದಾಜಿಗೆ ಸಾಕು. ಪಠ್ಯಕ್ರಮ ಮಾತ್ರ ನೀವು ಪರೀಕ್ಷೆ ಕಟ್ಟುವ ವರ್ಷದ್ದೇ ಆಗಿರಬೇಕು. ಜೂನಿಯರ್ ಕಟ್ಟಿದಾಗಿನ ಹಳೆ ನೋಟ್ಸ್ ಅಟ್ಟದಲ್ಲೇ ಇರಲಿ.

ಗೆಳತಿ ಹೇಳಿದ ಒಂದು ತಿಂಗಳ ಕೋಚಿಂಗ್ ಬಗ್ಗೆ. ಅಂಥ ಕಡೆಗಳಲ್ಲಿ ಸಾಮಾನ್ಯವಾಗಿ ಆಗುವುದು ನೋಟ್ಸ್ ಹಂಚುವುದು, ‘ಇದು ಬರುತ್ತೆ, ಇದು ಬರಲ್ಲ’ ಅಂತ ಹೇಳುವುದು. ಎಲ್ಲರೂ ಅದೇ ನೋಟ್ಸ್ ಬರೆಯುವುದರಿಂದ, ಅದರಲ್ಲಿ ಒಂದು ತಪ್ಪಿದ್ದರೆ ಆ ತಪ್ಪು ಇಪ್ಪತ್ತು ಪತ್ರಿಕೆಗಳಲ್ಲಿ ಸಾಲಾಗಿ ಬರುತ್ತೆ. ನಾನು ತಿದ್ದುವಾಗ ಇದು ಚೆನ್ನಾಗಿ ಗೊತ್ತಾಗುತ್ತಿತ್ತು. ಲೆಕ್ಕ, ಸ್ವರಲಿಪಿ ಮೊದಲೇ ಗಟ್ಟಿಯಾಗಿದ್ದವರಿಗೆ ಕೊನೆಯ ತಿಂಗಳಲ್ಲಿ ಒಂದು ಪರಿಶೀಲನೆಯ ಹಾಗೆ ಇದು ನಡೆಯುತ್ತೆ. ಅಲ್ಲಿಂದಲೇ ಶುರು ಮಾಡುವವರಿಗೆ ದುಡ್ಡು ದಂಡ.

ವಾರಕ್ಕೊಮ್ಮೆ ಶಾಸ್ತ್ರಕ್ಕೆ ಮಾತ್ರ ಬೇರೆ ಶಿಕ್ಷಕರು, ಆನ್‌ಲೈನಿನಲ್ಲೂ ಸಿಗುತ್ತಾರೆ. ಇದು ಒಳ್ಳೆಯದೇ, ಆದರೆ ಅವರ ಪಾಠಾಂತರ ನಿಮ್ಮದಕ್ಕಿಂತ ಬೇರೆ ಇರುತ್ತೆ. ಅವರು ವರ್ಣದ ಸ್ವರಲಿಪಿಯನ್ನು ತಮ್ಮ ರೀತಿ ತಿದ್ದಿದರೆ, ಪ್ರಾಯೋಗಿಕದಲ್ಲಿ ನೀವು ಹಾಡುವುದಕ್ಕೂ ಬರೆದದ್ದಕ್ಕೂ ತಾಳೆ ಆಗಲ್ಲ. ಮೊದಲ ದಿನವೇ ಹೇಳಿಬಿಡಿ: ‘ಲಿಪಿಯ ಕ್ರಮ ತಿದ್ದಿ, ಸಂಗತಿ ಬದಲಾಯಿಸಬೇಡಿ.’ ಗುರುಗಳಿಗೂ ತಿಳಿಸಿಯೇ ಸೇರಿ. ಎಪ್ಪತ್ತೆಂಟರ ಹಿರಿಯರು, ಬೇರೆಯವರ ಬಾಯಲ್ಲಿ ಕೇಳಿದರೆ ಬೇಜಾರು ಮಾಡಿಕೊಳ್ಳಬಹುದು.

ನಾನಾದರೆ ನಿಮಗೆ ಹೇಳುವುದು, ನಿಮ್ಮೂರಲ್ಲೋ ಸಿದ್ದಾಪುರ, ಯಲ್ಲಾಪುರದ ಕಡೆಯೋ ಇದೇ ಪರೀಕ್ಷೆ ಕಟ್ಟುವ ಇನ್ನೊಬ್ಬರನ್ನು ಹುಡುಕಿ. ವಯಸ್ಸು ಎಷ್ಟಾದರೂ ಇರಲಿ, ಹದಿನಾಲ್ಕರ ಹುಡುಗಿಯಾದರೂ ಪರವಾಗಿಲ್ಲ. ಭಾನುವಾರ ಒಂದು ಗಂಟೆ. ನೀವು ಬರೆದದ್ದನ್ನು ಅವಳು ಹಾಡಬೇಕು, ಅವಳು ಬರೆದದ್ದನ್ನು ನೀವು. ನೋಡುವುದಲ್ಲ, ಹಾಡುವುದು. ಹಾಡಿನ ಸ್ವರ ತಿಳಿಯದವರು ಹಾಡಿದಾಗಲೇ ಲಿಪಿಯ ತಪ್ಪು ಹೊರಗೆ ಬರುವುದು. ಇಬ್ಬರಿಗೂ ಒಂದೇ ಗೊಂದಲ ಇದ್ದರೆ ಮಾತ್ರ ಇದು ಕೈಕೊಡುತ್ತೆ. ಅಂಥದ್ದನ್ನು ಬರೆದಿಟ್ಟುಕೊಂಡು ಗುರುಗಳ ಹತ್ತಿರ ಹೋಗಿ.

ಗುರುಗಳ ಬಗ್ಗೆ ಒಂದು ಮಾತು. ‘ನೀನೇ ಓದಿಕೊ’ ಅಂದದ್ದನ್ನು ಉದಾಸೀನ ಅಂತ ತಿಳಿಯಬೇಡಿ. ಆ ತಲೆಮಾರಿನ ಎಷ್ಟೋ ಜನ ಬಾಯಿಂದ ಬಾಯಿಗೆ ಕಲಿತವರು. ‘ಮೇಳಕರ್ತ ಪದ್ಧತಿ ವಿವರಿಸಿ’ ಅಂದರೆ ಅವರಿಗೂ ಕಷ್ಟ. ಅವರಿಗೆ ಶಾಸ್ತ್ರದ ಪ್ರಶ್ನೆಯನ್ನು ಶಾಸ್ತ್ರದ ಭಾಷೆಯಲ್ಲಿ ಕೇಳಬೇಡಿ. ‘ಭಾಷಾಂಗ ರಾಗ ಅಂದರೇನು’ ಅನ್ನುವ ಬದಲು, ‘ಭೈರವಿಯಲ್ಲಿ ಹೋಗುವಾಗ ಒಂದು ಧೈವತ, ಬರುವಾಗ ಒಂದು ಧೈವತ ಹಾಡಿಸುತ್ತೀರಲ್ಲ, ಎರಡನ್ನೂ ಒಂದು ಸಲ ತೋರಿಸಿ’ ಅನ್ನಿ. ಹಾಡಿ ತೋರಿಸುತ್ತಾರೆ. ಚತುಶ್ರುತಿ ಯಾವುದು, ಶುದ್ಧ ಯಾವುದು ಅಂತ ಕೇಳಿಸಿಕೊಂಡು ಮನೆಗೆ ಬಂದು ನೀವೇ ಬರೆಯಿರಿ. 20ನೇ ಮೇಳಕ್ಕೆ ಸೇರಿದ ಶುದ್ಧ ಧೈವತ ಯಾವುದು, ಹೊರಗಿನಿಂದ ಬಂದ ಅನ್ಯಸ್ವರ ಯಾವುದು ಅಂತ ಆಗ ತಾನಾಗಿ ಗೊತ್ತಾಗುತ್ತೆ.

ದಿನಕ್ಕೆ ನಲವತ್ತು ನಿಮಿಷ ಸಿಕ್ಕರೆ ನಾಲ್ಕು ತಿಂಗಳು ಧಾರಾಳ ಸಾಕು. ಅದರಲ್ಲಿ ಅರ್ಧದಷ್ಟು ಸ್ವರಲಿಪಿಗೆ ಹೋಗಲಿ. ಪರೀಕ್ಷೆಗೆ ಮೂರು ವಾರ ಇರುವಾಗ ಒಂದು ಹಳೆ ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆದು ನೋಡಿ. ಲೆಡ್ಜರು, ಕಂಪ್ಯೂಟರ್ ಬಿಟ್ಟರೆ ನೀವು ಕೈಯಲ್ಲಿ ಇಷ್ಟು ಬರೆದು ಎಷ್ಟು ವರ್ಷ ಆಯಿತೋ. ಬೆರಳು ನೋಯುವುದು ಅವತ್ತೇ ಗೊತ್ತಾಗಲಿ. ಆ ಪತ್ರಿಕೆಯಲ್ಲಿ ಬರೆದ ಗೀತೆಯ ಹಾಳೆಯನ್ನು ಗುರುಗಳ ಕೈಗೆ ಕೊಟ್ಟು, ‘ಇದರಲ್ಲಿ ಬರೆದ ಹಾಗೇ ಒಂದು ಸಲ ಹಾಡ್ತೀರಾ?’ ಅಂತ ಕೇಳಿ. ಅವರು ಕನ್ನಡಕ ಹುಡುಕಲಿ, ತಾಳ ಹಾಕಲಿ. ನೀವು ಅವರ ಹುಬ್ಬು ನೋಡುತ್ತಾ ಕೂತಿರಿ.